‘ನಮಗೆ ರಾಜಕೀಯ ಬೇಡ’ ಎನ್ನುವ ಕಂಪನಿಗಳ ಲೆಕ್ಕ

ಮಾನ್ಯ ಸಂಪಾದಕರೇ,

ಉದ್ಯಮಗಳು ರಾಜಕೀಯದಿಂದ ದೂರವಿರಬೇಕು, ವ್ಯಾಪಾರಸ್ಥರು ತಮ್ಮ ವ್ಯಾಪಾರ ನೋಡಿಕೊಂಡರೆ ಸಾಕು ಎಂಬ ಅಭಿಪ್ರಾಯ ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಮತ್ತೆ ಮತ್ತೆ ಕಾಣಿಸುತ್ತಿದೆ. ಬರೆದವರ ಬೇಸರ ನನಗೆ ಅರ್ಥವಾಗುತ್ತದೆ. ಸೋಪು ಮಾರುವವರೂ ಮೊಬೈಲ್ ಮಾರುವವರೂ ಜಾಹೀರಾತಿನ ನಡುವೆ ನಮಗೆ ಲೋಕನೀತಿ ಬೋಧಿಸತೊಡಗಿದರೆ ಯಾರಿಗಾದರೂ ಸಾಕೆನಿಸುತ್ತದೆ. ಆದರೆ ಮೂವತ್ತಕ್ಕೂ ಹೆಚ್ಚು ವರ್ಷ ಬೇರೆ ಬೇರೆ ಕಂಪನಿಗಳ ಲೆಕ್ಕಪರಿಶೋಧನೆ ಮಾಡಿ ನಿವೃತ್ತನಾದ ನಾನು ರಾಜಕೀಯದಿಂದ ನಿಜವಾಗಿ ಬೇರೆಯಾಗಿ ನಿಂತ ಒಂದೇ ಒಂದು ಉದ್ಯಮವನ್ನೂ ಕಂಡಿಲ್ಲ. ಹಾಗೆಂದು ಹೇಳಿಕೊಳ್ಳುವ ಉದ್ಯಮಗಳನ್ನು ಮಾತ್ರ ಬೇಕಾದಷ್ಟು ಕಂಡಿದ್ದೇನೆ.

ಒಮ್ಮೆ ಒಂದು ಕಂಪನಿಯ ನಿರ್ದೇಶಕರ ಸಭೆಗೆ ಲೆಕ್ಕಪತ್ರದ ವಿವರಣೆ ಕೊಡಲು ಹೋಗಿದ್ದೆ. ಕಾರ್ಯಸೂಚಿಯ ನಾಲ್ಕನೆಯ ವಿಷಯ, ಒಂದು ಸಾರ್ವಜನಿಕ ಬೇಡಿಕೆಯ ಪರವಾಗಿ ಕಾರ್ಖಾನೆಯ ಆವರಣದೊಳಗೆ ಊಟದ ವಿರಾಮದಲ್ಲಿ ಸಹಿ ಸಂಗ್ರಹಿಸಲು ನೌಕರರು ಅನುಮತಿ ಕೋರಿದ್ದ ಅರ್ಜಿ. ಕಾರ್ಯದರ್ಶಿ ಅದನ್ನು ಓದಿ ಮುಗಿಸುವ ಮೊದಲೇ ಅಧ್ಯಕ್ಷರು ‘ನಮಗೆ ರಾಜಕೀಯ ಬೇಡ’ ಎಂದು ಕೈಯಾಡಿಸಿದರು. ಹಾಳೆ ಪಕ್ಕಕ್ಕೆ ಸರಿಯಿತು. ಐದನೆಯ ವಿಷಯ, ತಮ್ಮ ಕಚ್ಚಾವಸ್ತುವಿನ ಮೇಲಿನ ಆಮದು ಸುಂಕವನ್ನು ಇಳಿಸಿ, ಪ್ರತಿಸ್ಪರ್ಧಿಗಳು ಹೊರಗಿನಿಂದ ತರಿಸುವ ಸಿದ್ಧವಸ್ತುವಿನ ಮೇಲೆ ಸುಂಕ ಏರಿಸಬೇಕೆಂದು ಸಚಿವರಿಗೆ ಸಲ್ಲಿಸಬೇಕಾಗಿದ್ದ ಮನವಿ. ಅದರ ಕರಡನ್ನು ಮುಕ್ಕಾಲು ಗಂಟೆ ಕೂತು ತಿದ್ದಿದರು. ಯಾರ ಕೈಯಲ್ಲಿ ಕೊಟ್ಟು ಕಳಿಸಿದರೆ ಕಡತ ಬೇಗ ಕದಲುತ್ತದೆ ಎಂಬುದರ ಬಗ್ಗೆ ಹತ್ತು ನಿಮಿಷ ಪ್ರತ್ಯೇಕವಾಗಿ ಚರ್ಚೆಯಾಯಿತು. ಅದು ರಾಜಕೀಯವೆಂದು ಆ ಕೋಣೆಯಲ್ಲಿ ಯಾರಿಗೂ ಅನಿಸಲಿಲ್ಲ. ಅವರೇನು ನಾಟಕ ಆಡುತ್ತಿರಲಿಲ್ಲ. ನಾಲ್ಕನೆಯದು ರಾಜಕೀಯ, ಐದನೆಯದು ವ್ಯವಹಾರ ಎಂದು ಮನಸಾರೆ ನಂಬಿದ್ದರು. ನನ್ನ ವಾದವೆಲ್ಲ ಈ ಎರಡು ವಿಷಯಗಳ ನಡುವಿನ ಗೆರೆಯ ಬಗ್ಗೆಯೇ ಇರುವುದರಿಂದ ಮುಂದೆಯೂ ಇವನ್ನು ಇದೇ ಹೆಸರಿನಿಂದ ಕರೆಯುತ್ತೇನೆ.

ಈ ಗೊಂದಲಕ್ಕೆ ನಮ್ಮ ಮಾತಿನ ರೂಢಿಯೂ ಸ್ವಲ್ಪ ಕಾರಣ. ‘ಇದರಲ್ಲಿ ರಾಜಕೀಯ ಮಾಡಬೇಡಿ’ ಎಂದು ನಾವು ಹೇಳುವಾಗ ಗುಂಪುಗಾರಿಕೆ, ಒಳಸಂಚು, ಕಾಲೆಳೆಯುವುದು ಇವೇ ಮನಸ್ಸಿನಲ್ಲಿರುತ್ತವೆ. ಹೆಚ್ಚೆಂದರೆ ಬಾವುಟ, ಭಾಷಣ, ಚುನಾವಣೆ. ತೆರಿಗೆ ಯಾರ ಮೇಲೆ ಎಷ್ಟು, ದಿನಕ್ಕೆ ಎಷ್ಟು ಗಂಟೆ ದುಡಿಸಬಹುದು, ಕಾರ್ಖಾನೆಯ ಕೊಳಚೆ ನೀರನ್ನು ಎಲ್ಲಿಗೆ ಬಿಡಬಹುದು, ದಿವಾಳಿಯಾದವನ ಆಸ್ತಿಯಲ್ಲಿ ಮೊದಲ ಪಾಲು ಬ್ಯಾಂಕಿಗೋ ಕೂಲಿಕಾರರಿಗೋ ಎಂಬುದನ್ನು ತೀರ್ಮಾನಿಸುವ ಕೆಲಸಕ್ಕೂ ಅದೇ ಹೆಸರು ಎಂಬುದು ಮರೆತುಹೋಗಿರುತ್ತದೆ. ಈ ಎರಡನೆಯ ಅರ್ಥದ ರಾಜಕೀಯದಿಂದ ಹೊರಗಿರುವ ವ್ಯಾಪಾರ ಎಂಬುದೊಂದು ಇಲ್ಲ.

ಕಂಪನಿ ಎಂಬುದನ್ನೇ ತೆಗೆದುಕೊಳ್ಳಿ. ವ್ಯವಹಾರ ಮುಳುಗಿದರೂ ಷೇರುದಾರರ ಮನೆಮಠ ಮುಟ್ಟುವಂತಿಲ್ಲ, ಅವರು ಹಾಕಿದ ಬಂಡವಾಳ ಹೋದರೆ ಅಲ್ಲಿಗೆ ಮುಗಿಯಿತು ಎಂಬ ಸೀಮಿತ ಹೊಣೆಗಾರಿಕೆಯ ಸೌಲಭ್ಯವನ್ನು ಬ್ರಿಟನ್ನಿನಲ್ಲಿ ನೋಂದಾಯಿತ ಸಾಮಾನ್ಯ ಕಂಪನಿಗಳಿಗೂ ದೊರಕಿಸಿದ್ದು 1855ರಲ್ಲಿ ಅಲ್ಲಿನ ಸಂಸತ್ತು ಮಾಡಿದ ಕಾಯ್ದೆ. ಮಾಡಿದ ಸಾಲವನ್ನು ಪೂರ್ತಿಯಾಗಿ ತೀರಿಸುವುದೇ ಧರ್ಮ, ಇದು ಅದಕ್ಕೆ ವಿರುದ್ಧ ಎಂದು ಆಗ ವಾದಿಸಿದವರಿದ್ದರು. 1897ರ ಸಾಲೋಮನ್ ಪ್ರಕರಣ ಲೆಕ್ಕಶಾಸ್ತ್ರ ಕಲಿಯುವ ಮಕ್ಕಳಿಗೆಲ್ಲ ಗೊತ್ತು. ಲಂಡನ್ನಿನಲ್ಲಿ ಬೂಟು ತಯಾರಿಸುತ್ತಿದ್ದ ಆರನ್ ಸಾಲೋಮನ್ ತನ್ನ ವ್ಯಾಪಾರವನ್ನು ತಾನೇ ಕಟ್ಟಿದ ಕಂಪನಿಗೆ ಮಾರಿದ. ಕಂಪನಿಯ 20,007 ಷೇರುಗಳಲ್ಲಿ 20,001 ಅವನವು, ಉಳಿದ ಆರು ಹೆಂಡತಿ ಮತ್ತು ಐವರು ಮಕ್ಕಳ ಹೆಸರಿನಲ್ಲಿ ಒಂದೊಂದು. ಕಂಪನಿ ನೆಲಕಚ್ಚಿದಾಗ, ಇದೆಲ್ಲ ಸಾಲೋಮನ್ನನದೇ, ಅವನೇ ಸಾಲ ತೀರಿಸಲಿ ಎಂಬ ವಾದ ಬಂತು. ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಒಪ್ಪಲಿಲ್ಲ. ಕಾಯ್ದೆ ಹೇಳಿದಂತೆ ನೋಂದಣಿಯಾದ ಮೇಲೆ ಕಂಪನಿಯೇ ಬೇರೆ, ಸಾಲೋಮನ್ನನೇ ಬೇರೆ ಎಂದಿತು. ಸಾಮಾನು ಕೊಟ್ಟು ದುಡ್ಡಿಗಾಗಿ ಕಾದು ಕುಳಿತಿದ್ದವರು ಬರಿಗೈಯಲ್ಲಿ ಉಳಿದರು. ನಷ್ಟ ಯಾರ ತಲೆಗೆ ಎಂಬ ಇಂಥ ಪ್ರಶ್ನೆಗೆ ಉತ್ತರ ಹುಟ್ಟಿದ್ದೇ ಶಾಸನಸಭೆಯಲ್ಲಿ. ಅಲ್ಲಿ ಹುಟ್ಟಿದ ಕೂಸು ಬೆಳೆದು ದೊಡ್ಡದಾದ ಮೇಲೆ, ಶಾಸನಸಭೆಗೂ ತನಗೂ ಸಂಬಂಧವಿಲ್ಲ ಎಂದರೆ ಹೇಗೆ?

ಈಸ್ಟ್ ಇಂಡಿಯಾ ಕಂಪನಿಯ ಕಥೆಯನ್ನು ತಮ್ಮ ಓದುಗರಿಗೆ ನಾನು ಹೇಳಬೇಕಾಗಿಲ್ಲ. ರಾಣಿಯ ಸನ್ನದು 1600ರಲ್ಲಿ, ಬಂಗಾಳದ ದಿವಾನಿ, ಎಂದರೆ ಕಂದಾಯ ವಸೂಲಿಯ ಹಕ್ಕು, 1765ರಲ್ಲಿ. ಅಷ್ಟಾದ ಮೇಲೂ ಕೈಸಾಲಕ್ಕಾಗಿ ಬ್ರಿಟಿಷ್ ಸರ್ಕಾರದ ಮುಂದೆ ಕೈಚಾಚಿದ ಕಂಪನಿಗೆ 1773ರಲ್ಲಿ ಸಾಲವೂ ದೊರಕಿತು, ಅಮೆರಿಕಕ್ಕೆ ನೇರವಾಗಿ ಚಹಾ ಸಾಗಿಸುವ ಹಕ್ಕೂ ದೊರಕಿತು. ಆ ಚಹಾ ಪೆಟ್ಟಿಗೆಗಳು ಅದೇ ವರ್ಷದ ಡಿಸೆಂಬರಿನಲ್ಲಿ ಪ್ರತಿಭಟನಾಕಾರರ ಕೈಯಿಂದ ಬೋಸ್ಟನ್ ಬಂದರಿನ ನೀರು ಸೇರಿದವು. ಆದರೆ ಸೈನ್ಯ ಇಟ್ಟುಕೊಂಡಿದ್ದ ಕಂಪನಿಯನ್ನು ಉದಾಹರಣೆಗೆ ತಂದು ಇಂದಿನ ಉದ್ಯಮಗಳನ್ನು ಅಳೆಯುವುದು ಅನ್ಯಾಯವಾದೀತು. ರಾಜಕೀಯದ ಆಸೆಯೇ ಇಲ್ಲದ, ನಾಲ್ಕು ಕಾಸು ಲಾಭ ಬಂದರೆ ಸಾಕು ಎನ್ನುವ ಸಾಧಾರಣ ಕಂಪನಿಗಳ ಕಡೆ ನೋಡೋಣ.

ಅಮೆರಿಕದ ಲೂಸಿಯಾನಾ ರಾಜ್ಯ 1890ರಲ್ಲಿ ರೈಲುಗಳಲ್ಲಿ ಬಿಳಿಯರಿಗೂ ಕರಿಯರಿಗೂ ಪ್ರತ್ಯೇಕ ಬೋಗಿ ಇರಬೇಕೆಂದು ಕಾನೂನು ಮಾಡಿತು. ರೈಲು ಕಂಪನಿಗಳಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಸಮಾನತೆಯ ಮೇಲಿನ ಪ್ರೀತಿಯಿಂದಲ್ಲ. ಅರ್ಧ ಖಾಲಿಯಾಗಿ ಓಡುವ ಇನ್ನೊಂದು ಬೋಗಿಯ ಖರ್ಚು ಯಾರು ಹೊರಬೇಕು? ಹೀಗಾಗಿ ಈ ಕಾನೂನನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲು ಹೊರಟಿದ್ದ ನಾಗರಿಕರ ಸಮಿತಿಗೆ ಈಸ್ಟ್ ಲೂಸಿಯಾನಾ ರೈಲು ಕಂಪನಿ ಒಳಗೊಳಗೇ ಸಹಕರಿಸಿತು. 1892ರ ಜೂನ್ 7ರಂದು ಹೋಮರ್ ಪ್ಲೆಸಿ ಎಂಬಾತ ಮೊದಲ ದರ್ಜೆಯ ಟಿಕೆಟ್ ಪಡೆದು ಬಿಳಿಯರ ಬೋಗಿಯಲ್ಲಿ ಕುಳಿತದ್ದು, ಬಂಧನಕ್ಕೊಳಗಾದದ್ದು ಎಲ್ಲವೂ ಮೊದಲೇ ಗೊತ್ತಿದ್ದ ಸಂಗತಿಗಳು. ಆದರೂ 1896ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕಾನೂನನ್ನು ಎತ್ತಿಹಿಡಿಯಿತು, ಕಂಪನಿ ತೆಪ್ಪಗೆ ಬೋಗಿ ಜೋಡಿಸಿತು. ಇಲ್ಲಿ ಉದ್ಯಮ ರಾಜಕೀಯವನ್ನು ಹುಡುಕಿಕೊಂಡು ಹೋಗಲಿಲ್ಲ. ರಾಜಕೀಯವೇ ಬಂದು ಅದರ ರೈಲು ಹತ್ತಿತು.

ಇದೇ ಕಥೆಯ ಇನ್ನೊಂದು ತುದಿ 1960ರಲ್ಲಿದೆ. ಆ ವರ್ಷದ ಫೆಬ್ರುವರಿ 1ರಂದು ನಾರ್ತ್ ಕೆರೊಲಿನಾದ ಗ್ರೀನ್ಸ್‌ಬೊರೊ ನಗರದಲ್ಲಿ ನಾಲ್ವರು ಕರಿಯ ವಿದ್ಯಾರ್ಥಿಗಳು ವೂಲ್ವರ್ತ್ ಮಳಿಗೆಗೆ ಹೋದರು. ಮೊದಲು ಟೂತ್‌ಪೇಸ್ಟ್ ಮುಂತಾದ ಸಣ್ಣಪುಟ್ಟ ಸಾಮಾನು ಕೊಂಡು ರಸೀತಿಗಳನ್ನು ಜೋಪಾನವಾಗಿ ಇಟ್ಟುಕೊಂಡರು. ಆಮೇಲೆ ಅದೇ ಮಳಿಗೆಯ ಊಟದ ಕೌಂಟರಿನಲ್ಲಿ ಕುಳಿತು ಕಾಫಿ ಕೇಳಿದರು. ಕರಿಯರಿಗೆ ಇಲ್ಲಿ ಕೊಡುವುದಿಲ್ಲ ಎಂದಾಯಿತು. ಒಂದು ಕೌಂಟರಿನಲ್ಲಿ ನಮ್ಮ ದುಡ್ಡು ತೆಗೆದುಕೊಂಡವರು ಇನ್ನೊಂದರಲ್ಲಿ ಏಕೆ ಬೇಡವೆನ್ನುತ್ತೀರಿ ಎಂದು ಕೇಳಲು ಅವರ ಕೈಯಲ್ಲಿ ರಸೀತಿ ಇತ್ತು. ಲೆಕ್ಕಪರಿಶೋಧಕನಾಗಿ ನನಗೆ ಬಹಳ ಮೆಚ್ಚುಗೆಯಾದ ಸಾಕ್ಷ್ಯ ಅದು. ಕಂಪನಿಯ ಕೇಂದ್ರ ಕಚೇರಿಯ ನಿಲುವು, ತಾವು ಆಯಾ ಸ್ಥಳದ ರೂಢಿಯನ್ನು ಪಾಲಿಸುತ್ತೇವೆ ಎಂಬುದಾಗಿತ್ತು. ಎಂದರೆ, ನಮಗೆ ರಾಜಕೀಯ ಬೇಡ. ಹೊರನೋಟಕ್ಕೆ ಇದು ತಟಸ್ಥ ನಿಲುವಿನಂತೆ ಕಂಡರೂ ಆ ಕೌಂಟರಿನ ಎತ್ತರದ ಕುರ್ಚಿಯಲ್ಲಿ ಕುಳಿತಿದ್ದ ನಾಲ್ವರ ಪಾಲಿಗೆ ಅದು ಒಂದು ಪಕ್ಷವೇ ಆಗಿತ್ತು. ಜುಲೈ ಕೊನೆಯ ಹೊತ್ತಿಗೆ, ತಿಂಗಳುಗಟ್ಟಲೆ ನಡೆದ ಧರಣಿ ಮತ್ತು ಬಹಿಷ್ಕಾರದಿಂದ ವ್ಯಾಪಾರ ಸೊರಗಿದ ಮೇಲೆ, ಕೌಂಟರು ಎಲ್ಲರಿಗೂ ತೆರೆಯಿತು. ಅದಕ್ಕೂ ಅರವತ್ತೆಂಟು ವರ್ಷಗಳ ಹಿಂದೆ ಹೆಚ್ಚುವರಿ ಬೋಗಿಯ ಖರ್ಚಿಗೆ ಹೆದರಿ ಭೇದವನ್ನು ವಿರೋಧಿಸಿದ್ದು ಒಂದು ಕಂಪನಿ. ಗಿರಾಕಿ ಕಳೆದುಕೊಳ್ಳುವ ಭಯಕ್ಕೆ ಭೇದವನ್ನು ಉಳಿಸಿಕೊಂಡು, ಮತ್ತದೇ ಭಯಕ್ಕೆ ಬಿಟ್ಟುಕೊಟ್ಟದ್ದು ಇನ್ನೊಂದು. ಎರಡಕ್ಕೂ ರಾಜಕೀಯ ಮಾಡುವ ಇರಾದೆ ಇರಲಿಲ್ಲ ಎಂಬುದನ್ನು ನಾನು ನಂಬುತ್ತೇನೆ.

ಇವೆಲ್ಲ ನಾಲ್ಕನೆಯ ವಿಷಯದ ಬಗೆಗಾದವು. ಐದನೆಯ ವಿಷಯ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಗ್ವಾಟೆಮಾಲಾದ ಉದಾಹರಣೆ ಸಾಕು. ಅಧ್ಯಕ್ಷ ಹಾಕೊಬೊ ಆರ್ಬೆನ್ಸ್ ಅವರ ಸರ್ಕಾರ 1952ರ ಭೂಸುಧಾರಣೆಯ ಕಾಯ್ದೆಯಡಿ, ಬಾಳೆಹಣ್ಣಿನ ವ್ಯಾಪಾರದ ಅಮೆರಿಕನ್ ಕಂಪನಿ ಯುನೈಟೆಡ್ ಫ್ರೂಟ್ ಉಳುಮೆ ಮಾಡದೆ ಬೀಳುಬಿಟ್ಟಿದ್ದ ಜಮೀನನ್ನು ವಶಪಡಿಸಿಕೊಂಡು, ಸುಮಾರು 6.27 ಲಕ್ಷ ಡಾಲರ್ ಪರಿಹಾರ ಕೊಡಲು ಮುಂದಾಯಿತು. ಆ ಮೊತ್ತವನ್ನು ಸರ್ಕಾರ ತನ್ನ ಮನಸ್ಸಿಗೆ ಬಂದಂತೆ ಬರೆದುಕೊಂಡಿರಲಿಲ್ಲ. ತೆರಿಗೆ ಉಳಿಸಲು ಕಂಪನಿಯೇ ತನ್ನ ಜಮೀನಿಗೆ ಘೋಷಿಸಿಕೊಂಡಿದ್ದ ಬೆಲೆಯ ಆಧಾರದ ಮೇಲೆ ಲೆಕ್ಕ ಹಾಕಿತ್ತು. ಕಂಪನಿಯ ಪರವಾಗಿ ಅಮೆರಿಕದ ವಿದೇಶಾಂಗ ಇಲಾಖೆ ಕೇಳಿದ್ದು ಸುಮಾರು 1.58 ಕೋಟಿ ಡಾಲರ್. ತೆರಿಗೆ ಕಟ್ಟುವಾಗ ಒಂದು ಬೆಲೆ, ಪರಿಹಾರ ಪಡೆಯುವಾಗ ಇಪ್ಪತ್ತೈದು ಪಟ್ಟು! ಆಗಿನ ವಿದೇಶಾಂಗ ಸಚಿವ ಜಾನ್ ಫಾಸ್ಟರ್ ಡಲ್ಲೆಸ್ ಹಿಂದೆ ಇದ್ದ ವಕೀಲರ ಸಂಸ್ಥೆಗೆ ಈ ಕಂಪನಿ ಕಕ್ಷಿದಾರನಾಗಿತ್ತು. 1954ರ ಜೂನ್‌ನಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಬೆಂಬಲದ ಕಾರ್ಯಾಚರಣೆಯಲ್ಲಿ ಆರ್ಬೆನ್ಸ್ ಪದಚ್ಯುತರಾದರು. ಇದಕ್ಕೆ ಶೀತಲ ಸಮರದ ಕಾರಣಗಳೂ ಇದ್ದವು, ಬಾಳೆಹಣ್ಣೊಂದೇ ಸರ್ಕಾರ ಉರುಳಿಸಿತೆಂದು ನಾನು ಹೇಳುವುದಿಲ್ಲ. ಆದರೆ ತೆರಿಗೆಯ ಅರ್ಜಿಯಲ್ಲಿ ಬರೆದ ಒಂದು ಅಂಕಿ ಎರಡು ದೇಶಗಳ ರಾಜತಾಂತ್ರಿಕ ಜಗಳದ ನಡುವೆ ಬಂದು ಕೂತದ್ದನ್ನು ನೋಡಿದ ಮೇಲೆ, ಲೆಕ್ಕದ ಪುಸ್ತಕ ಬೇರೆ, ರಾಜಕೀಯ ಬೇರೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ನಮ್ಮನ್ನು ನಮ್ಮ ಪಾಡಿಗೆ ಬಿಟ್ಟರೆ ಸಾಕು ಎಂದು ಕಾಣಿಕೆ ಸಲ್ಲಿಸಿ ದೂರ ನಿಲ್ಲುವ ಉಪಾಯವೂ ಇದೆ. 1933ರ ಫೆಬ್ರುವರಿ 20ರಂದು ಬರ್ಲಿನ್ನಿನಲ್ಲಿ ಜರ್ಮನಿಯ ಇಪ್ಪತ್ತಕ್ಕೂ ಹೆಚ್ಚು ಪ್ರಮುಖ ಉದ್ಯಮಿಗಳು ಹಿಟ್ಲರನ ಮಾತು ಕೇಳಲು ಸೇರಿದ್ದರು. ಮಾರ್ಚ್ 5ರ ಚುನಾವಣೆಯ ಬಳಿಕ ಹತ್ತು ವರ್ಷ, ಬಹುಶಃ ನೂರು ವರ್ಷ ಇನ್ನೊಂದು ಚುನಾವಣೆ ಇರುವುದಿಲ್ಲವೆಂದೂ ಆದ್ದರಿಂದ ಈಗ ಕೇಳುವ ತ್ಯಾಗ ಭಾರವೆನಿಸಬಾರದೆಂದೂ ಹಿಟ್ಲರನ ಆಪ್ತ ಸಚಿವ ಗೋರಿಂಗ್ ಆ ಉದ್ಯಮಿಗಳಿಗೆ ಬಿಚ್ಚಿ ಹೇಳಿದ. ಬಂದವರಿಂದ 30 ಲಕ್ಷ ಮಾರ್ಕ್ ಕೇಳಲಾಯಿತು. ಕೊಟ್ಟವರಲ್ಲಿ ರಾಸಾಯನಿಕ ಕಂಪನಿ ಐ.ಜಿ. ಫಾರ್ಬೆನ್ ಕೂಡ ಒಂದು. ಯುದ್ಧ ಮುಗಿದ ಮೇಲೆ ಆ ಕಂಪನಿಯ ಮುಖ್ಯಸ್ಥರು ನ್ಯೂರೆಂಬರ್ಗಿನ ಯುದ್ಧಾಪರಾಧ ವಿಚಾರಣೆಯಲ್ಲಿ ಕಟಕಟೆ ಹತ್ತಬೇಕಾಯಿತು.

ಲಾಭ ಗಳಿಸುವುದೊಂದೇ ಉದ್ಯಮದ ಸಾಮಾಜಿಕ ಹೊಣೆ ಎಂದು ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1970ರ ಸೆಪ್ಟೆಂಬರಿನಲ್ಲಿ ಬರೆದ ಲೇಖನವನ್ನು ಉದ್ಯಮ, ರಾಜಕೀಯಗಳ ಪ್ರತ್ಯೇಕತೆಯ ಪರ ಇರುವವರು ಇಂದಿಗೂ ನೆನೆಯುತ್ತಾರೆ. ಅವರ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ: ಷೇರುದಾರರ ಹಣದಲ್ಲಿ ವ್ಯವಸ್ಥಾಪಕರು ತಮಗೆ ಪ್ರಿಯವಾದ ಲೋಕೋದ್ಧಾರ ಮಾಡಲು ಅವರನ್ನು ಯಾರು ಆರಿಸಿದ್ದಾರೆ ಎಂಬ ಪ್ರಶ್ನೆಗೆ ತೂಕವಿದೆ. ಆದರೆ ಆಟದ ನಿಯಮಗಳನ್ನು ಮೀರದೆ ಲಾಭ ಗಳಿಸಬೇಕೆಂಬ ಷರತ್ತನ್ನು ಅವರೇ ಸೇರಿಸಿದ್ದರು. ಆಟಗಾರನೇ ನಿಯಮಾವಳಿಯ ಕರಡು ಬರೆದು ಸಚಿವರ ಮೇಜಿಗೆ ತಲುಪಿಸುವಾಗ ಆ ಷರತ್ತಿನ ಗತಿ ಏನು? ಐದನೆಯ ವಿಷಯಕ್ಕೆ ಮೀಸಲಾದ ಮುಕ್ಕಾಲು ಗಂಟೆಯಲ್ಲಿ ನಡೆದದ್ದು ಅದೇ.

ಇತ್ತೀಚಿನ ಎರಡು ಪ್ರಸಂಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಕ್ರಿಪ್ಟೊ ಎಂಬ ಡಿಜಿಟಲ್ ಹಣದ ವ್ಯವಹಾರದ ಅಮೆರಿಕನ್ ಕಂಪನಿ ಕಾಯಿನ್‌ಬೇಸ್‌ನ ಮುಖ್ಯಸ್ಥ ಬ್ರಯಾನ್ ಆರ್ಮ್‌ಸ್ಟ್ರಾಂಗ್, ತಮ್ಮ ಧ್ಯೇಯಕ್ಕೆ ಸಂಬಂಧಿಸದ ಸಾಮಾಜಿಕ, ರಾಜಕೀಯ ಚರ್ಚೆ ಕಚೇರಿಯಲ್ಲಿ ಬೇಡವೆಂದು 2020ರಲ್ಲಿ ಘೋಷಿಸಿ, ಒಪ್ಪದವರು ಪರಿಹಾರ ಪಡೆದು ಹೋಗಬಹುದೆಂದರು. ಸುಮಾರು 60 ಮಂದಿ, ಎಂದರೆ ಸಿಬ್ಬಂದಿಯ ಶೇ 5ರಷ್ಟು ಜನ ಹೊರನಡೆದರು. 2024ರ ಚುನಾವಣೆಯ ಹೊತ್ತಿಗೆ ಇದೇ ಕಂಪನಿ ಕ್ರಿಪ್ಟೊ ಪರ ಅಭ್ಯರ್ಥಿಗಳಿಗಾಗಿ ಕೋಟಿಗಟ್ಟಲೆ ಡಾಲರ್ ಸುರಿದ ಪ್ರಮುಖ ದಾನಿಗಳಲ್ಲಿ ಒಂದಾಗಿತ್ತು. ಕ್ರಿಪ್ಟೊ ಕಾನೂನಿನ ವಿಷಯದಲ್ಲಿ ತಾವು ಸುಮ್ಮನಿರುವುದಿಲ್ಲವೆಂದು ಅವರು ಮೊದಲೇ ಹೇಳಿದ್ದರು, ಆದ್ದರಿಂದ ಮಾತು ತಪ್ಪಿದರು ಎನ್ನುವಂತಿಲ್ಲ. ನಾಲ್ಕನೆಯ ವಿಷಯ ಮುಚ್ಚಿ, ಐದನೆಯದನ್ನು ತೆರೆದಿಟ್ಟರು, ಅಷ್ಟೆ.

ಡಿಸ್ನಿಯ ಪ್ರಸಂಗ ಇದರ ಇನ್ನೊಂದು ಮಗ್ಗುಲು. ಶಾಲೆಗಳ ಕೆಳತರಗತಿಗಳಲ್ಲಿ ಲೈಂಗಿಕತೆ, ಲಿಂಗತ್ವದ ಪಾಠವನ್ನು ನಿರ್ಬಂಧಿಸುವ ಫ್ಲಾರಿಡಾದ ಮಸೂದೆಯ ಬಗ್ಗೆ 2022ರಲ್ಲಿ ಮೊದಮೊದಲು ಮೌನವಾಗಿದ್ದ ಕಂಪನಿ, ನೌಕರರು ತಿರುಗಿಬಿದ್ದ ಮೇಲೆ ಅದನ್ನು ಬಹಿರಂಗವಾಗಿ ವಿರೋಧಿಸಿತು. ಕೂಡಲೇ, ಮನರಂಜನೆಯ ಕಂಪನಿಗೆ ರಾಜಕೀಯ ಏಕೆ ಎಂಬ ಕೂಗೆದ್ದಿತು. ಅದರ ಥೀಮ್ ಪಾರ್ಕ್ ಇರುವ ವಿಶೇಷ ಜಿಲ್ಲೆಯ ಆಡಳಿತವನ್ನು ರಾಜ್ಯ ಸರ್ಕಾರ ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ಆ ಜಿಲ್ಲೆಯನ್ನು 1967ರಲ್ಲಿ ಶಾಸನಸಭೆಯೇ ರಚಿಸಿತ್ತು. ರಸ್ತೆ, ಅಗ್ನಿಶಾಮಕ ದಳ, ಕಟ್ಟಡ ನಿಯಮ, ಸಾಲಪತ್ರ, ಅಷ್ಟೇ ಏಕೆ, ಬೇಕಿದ್ದರೆ ಅಣುಸ್ಥಾವರ ಕಟ್ಟುವ ಅಧಿಕಾರದವರೆಗೆ ಕಂಪನಿಯ ಕೈಯೊಳಗಿನ ಆ ಮಂಡಳಿಗೆ ಕೊಟ್ಟಿತ್ತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಒಂದು ಕಂಪನಿ ಸ್ಥಳೀಯ ಸರ್ಕಾರವನ್ನೇ ನಡೆಸುತ್ತಿದ್ದಾಗ ಯಾರ ಕಣ್ಣಿಗೂ ಬೀಳದ ರಾಜಕೀಯ, ಅದು ಒಂದು ಹೇಳಿಕೆ ಕೊಟ್ಟ ದಿನ ಎಲ್ಲರಿಗೂ ಕಾಣಿಸಿಬಿಟ್ಟಿತು. ಆ ಹೇಳಿಕೆ ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ‘ವ್ಯಾಪಾರಸ್ಥರು ವ್ಯಾಪಾರ ನೋಡಿಕೊಳ್ಳಲಿ’ ಎಂಬ ನಮ್ಮ ಸಿಟ್ಟು ಹೆಚ್ಚಾಗಿ ಬಾಯಿಬಿಟ್ಟವರ ಮೇಲೆಯೇ ಹೊರತು ಬಾಯಿಬಿಡದೆ ಕೆಲಸ ಸಾಧಿಸಿಕೊಂಡವರ ಮೇಲೆ ಅಲ್ಲ ಎಂಬುದಷ್ಟೇ ನನ್ನ ತಕರಾರು.

ಹಾಗಾದರೆ ಪ್ರತ್ಯೇಕತೆಯ ಬಯಕೆಯಲ್ಲಿ ಹುರುಳೇ ಇಲ್ಲವೇ? ಇದೆ. ಗಿರಾಕಿಯ ಪಕ್ಷ ಯಾವುದೆಂದು ನೋಡಿ ಸಾಮಾನು ತೂಗುವ ಅಂಗಡಿಯನ್ನು ಯಾರೂ ಬಯಸುವುದಿಲ್ಲ. ಮಾಲೀಕ ಹೇಳಿದ ಗುರುತಿಗೇ ಮತ ಹಾಕಬೇಕಾದ ನೌಕರನ ಸ್ಥಿತಿ ಗುಲಾಮನದಕ್ಕಿಂತ ದೊಡ್ಡದಲ್ಲ. ಅಧಿಕಾರಸ್ಥರನ್ನು ಟೀಕಿಸಿದ ಮಾರನೆಯ ದಿನ ಉದ್ಯಮಿಯ ಬಾಗಿಲಿಗೆ ತಪಾಸಣೆಯವರು ಬಂದು ನಿಲ್ಲುವಂತಿದ್ದರೆ ಅಲ್ಲಿ ಬಂಡವಾಳಕ್ಕೂ ರಕ್ಷಣೆಯಿಲ್ಲ, ಮಾತಿಗೂ ಇಲ್ಲ. ಈ ಗೋಡೆಗಳು ಗಟ್ಟಿಯಾಗಿರಲೇಬೇಕು. ಐದನೆಯ ವಿಷಯವೇ ಇಲ್ಲದ ಸಣ್ಣ ವ್ಯಾಪಾರಿಗಳಿಗೆ ಅವು ಇನ್ನೂ ಮುಖ್ಯ. ಸಚಿವರ ಬಾಗಿಲು ಗೊತ್ತಿಲ್ಲದ ಅವರಿಗೆ ಹೊಸ ತೆರಿಗೆ, ಹೊಸ ನಿಯಮ ಎಂಬುವು ಮಳೆಬಿಸಿಲಿನ ಹಾಗೆ ಮೇಲಿನಿಂದ ಬಂದು ಬೀಳುವ ಸಂಗತಿಗಳು. ಆದರೆ ಈ ಗೋಡೆಗಳನ್ನು ಕಟ್ಟುವುದೂ ಕಾಯುವುದೂ ಕಾನೂನೇ ಆದ್ದರಿಂದ, ಅವೂ ರಾಜಕೀಯದ ಸೃಷ್ಟಿಗಳೇ.

ನನ್ನ ವೃತ್ತಿಗೆ ಸಂಬಂಧಿಸಿದ ಸಣ್ಣದೊಂದು ಸಾಲಿನ ಬಗ್ಗೆ ಹೇಳಿ ಪತ್ರ ಮುಗಿಸುತ್ತೇನೆ. ನಮ್ಮ ದೇಶದಲ್ಲಿ ಕಂಪನಿಗಳು ಪಕ್ಷಗಳಿಗೆ ದೇಣಿಗೆ ಕೊಡುವುದನ್ನು 1969ರಲ್ಲಿ ನಿಷೇಧಿಸಿ, 1985ರಲ್ಲಿ ಮಿತಿ ಹಾಕಿ ಮತ್ತೆ ಅನುಮತಿಸಲಾಯಿತು. 2013ರ ಕಂಪನಿ ಕಾಯ್ದೆಯ 182ನೆಯ ಕಲಮು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 7.5ರ ಮಿತಿ ಹೇರಿ, ಯಾವ ಪಕ್ಷಕ್ಕೆ ಎಷ್ಟು ಕೊಡಲಾಯಿತು ಎಂಬುದನ್ನು ಲಾಭನಷ್ಟದ ತಖ್ತೆಯಲ್ಲಿ ತೋರಿಸಬೇಕೆಂದಿತ್ತು. 2017ರ ಹಣಕಾಸು ಕಾಯ್ದೆ ಆ ಮಿತಿಯನ್ನೂ ಪಕ್ಷದ ಹೆಸರನ್ನೂ ತೆಗೆದುಹಾಕಿತು. ಒಟ್ಟು ಮೊತ್ತ ಬರೆದರೆ ಸಾಕೆಂದಾಯಿತು. 2018ರ ಜನವರಿಯಲ್ಲಿ, ಹೆಸರು ಬಹಿರಂಗಪಡಿಸದೆ ಪಕ್ಷಗಳಿಗೆ ಕೊಡಲು ಬ್ಯಾಂಕಿನಿಂದ ಕೊಳ್ಳುವ ಚುನಾವಣಾ ಬಾಂಡ್ ಜಾರಿಗೆ ಬಂತು. ಲಾಭವೇ ಇಲ್ಲದ ಕಂಪನಿಯೂ ಎಷ್ಟು ಬೇಕಾದರೂ ಕೊಡಬಹುದಾದ, ಕೊಟ್ಟದ್ದು ಯಾರಿಗೆಂದು ಅದರ ಷೇರುದಾರನಿಗೂ ತಿಳಿಯದ ವ್ಯವಸ್ಥೆ ಅದು. ಹಿಂದೆ ಹೆಸರು, ಮೊತ್ತ ಎರಡೂ ಇರುತ್ತಿದ್ದ ಜಾಗದಲ್ಲಿ ಬರೀ ಒಂದು ಅಂಕಿ ಉಳಿದಾಗ, ಎಷ್ಟು ಹಾಳೆ ತಿರುವಿದರೂ ಉಪಯೋಗವಿಲ್ಲ ಎಂಬ ಅಸಹಾಯಕತೆ ಲೆಕ್ಕ ಓದಬಲ್ಲವರಿಗೆಲ್ಲ ಆಗಿರಬೇಕು. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಬಾಂಡ್ ಯೋಜನೆಯನ್ನೂ ಮಿತಿ ತೆಗೆದ ತಿದ್ದುಪಡಿಯನ್ನೂ ರದ್ದುಪಡಿಸಿತು. ಕಂಪನಿಗಳ ದೇಣಿಗೆ ಪ್ರತಿಫಲದ ಉದ್ದೇಶದಿಂದ ನಡೆಯುವ ಶುದ್ಧ ವ್ಯವಹಾರವೆಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ. ಮುಂದಿನ ತಿಂಗಳು ಬಾಂಡ್ ಖರೀದಿದಾರರ ಪಟ್ಟಿ ಹೊರಬಿದ್ದಾಗ, ತಾವು ರಾಜಕೀಯದಲ್ಲಿ ಇದ್ದೇವೆಂದು ಎಂದೂ ಹೇಳಿಕೊಂಡಿರದ ಎಷ್ಟೋ ಕಂಪನಿಗಳ ಹೆಸರು ಜನ ಮೊದಲ ಬಾರಿಗೆ ಅಲ್ಲಿ ಓದಿದರು.

ಆದ್ದರಿಂದ ಉದ್ಯಮಗಳು ರಾಜಕೀಯ ಬಿಡಲಿ ಎಂದು ಕೇಳುವುದರ ಬದಲು, ಐದನೆಯ ವಿಷಯದ ನಡಾವಳಿಯನ್ನು ತೋರಿಸಲಿ ಎಂದು ಕೇಳೋಣ ಎಂಬುದು ನನ್ನ ಸೂಚನೆ: ಯಾವ ಸಚಿವಾಲಯಕ್ಕೆ ಏನು ಮನವಿ ಕೊಟ್ಟರು, ಯಾರ ಮೂಲಕ ಕೊಟ್ಟರು, ಯಾವ ಪಕ್ಷಕ್ಕೆ ಎಷ್ಟು ಕೊಟ್ಟರು, ಆ ವರ್ಷ ಯಾವ ರಿಯಾಯಿತಿ ಪಡೆದರು. ತಮ್ಮ ವಾಣಿಜ್ಯ ಪುಟದಲ್ಲಿ ಕಂಪನಿಗಳ ತ್ರೈಮಾಸಿಕ ಫಲಿತಾಂಶ ಅಚ್ಚಾಗುವ ಕೋಷ್ಟಕಕ್ಕೆ, ಸಿಗುವ ಮಟ್ಟಿಗೆ ಈ ವಿವರಗಳ ಒಂದು ಕಾಲಮ್ಮು ಸೇರಿಸಲು ಸಾಧ್ಯವೇ ಎಂದು ಯೋಚಿಸಬೇಕಾಗಿ ಕೋರುತ್ತೇನೆ. ಪತ್ರಿಕೆಯೂ ಒಂದು ಉದ್ಯಮವಾದ್ದರಿಂದ, ಮುದ್ರಣ ಕಾಗದದ ಸುಂಕದ ಬಗ್ಗೆ ತಾವು ಸಲ್ಲಿಸಿದ ಮನವಿಗಳಿದ್ದರೆ ಅವನ್ನೂ, ಸರ್ಕಾರಿ ಜಾಹೀರಾತಿನಿಂದ ಬಂದ ವರಮಾನವನ್ನೂ ಅದೇ ಕಾಲಮ್ಮಿನ ಮೊದಲ ಸಾಲಿನಲ್ಲಿ ಹಾಕಿದರೆ ಉಳಿದವರನ್ನು ಕೇಳಲು ತಮಗೂ ಅನುಕೂಲವಾದೀತು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಲೆಕ್ಕಪರಿಶೋಧಕ